ಒಂದೇ ಹೊತ್ತು ಹಿಂಡಿ ನೋಡಿದ ಇಂಟರ್ನೆಟ್

ನಮ್ಮ ಕಾಕಾನಂಥ ಧೈರ್ಯವಂತ ಕಲ್ಲೋಳಿಯಲ್ಲಿ ಇನ್ನೊಬ್ಬನಿಲ್ಲ. ಹಗ್ಗ ಹರಿದುಕೊಂಡು ಬಂದ ಕೋಣದ ಎದುರು ಟವೆಲ್ ಬೀಸುತ್ತಾ ನಿಂತವನು! ಬಾವಿಯಲ್ಲಿ ಹಾವಿದೆ ಎಂದರೆ “ಇರವಲ್ದ್ಯಾಕ, ಅದಕ್ಕೂ ನೀರು ಬೇಕಲ್ಲ” ಎಂದು ಇಳಿದವನು! ಇಂಥವನು ಹೆದರುವುದು ಒಂದಕ್ಕೇ: ಮೊಬೈಲಿನ ನಡುವೆ ಗಿರಗಿರ ತಿರುಗುವ ಬಿಳಿ ಚಕ್ರಕ್ಕೆ. ಅದು ಕಂಡರೆ ಸಾಕು, ಹಣೆಯ ಮೇಲೆ ಬೆವರು.

ನಗಬೇಡಿ. ಮೊದಮೊದಲು ನಾನೂ ನಗುತ್ತಿದ್ದೆ.

ಕಾಕಾನ ಒಬ್ಬಳೇ ಮಗಳು, ಅಂದರೆ ನನ್ನ ತಂಗಿ, ಹುಟ್ಟು ಕಿವುಡಿ; ಮಾತೂ ಬಾರದು. ಅವಳ ಮಾತೆಲ್ಲ ಕೈಯಲ್ಲಿ. ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಅಪ್ಪ, ಅವ್ವ, ಮಗಳು ಸೇರಿ ಎಮ್ಮೆಯ ಕೊಟ್ಟಿಗೆಯಲ್ಲಿ ಕಟ್ಟಿಕೊಂಡ ಕೈಸನ್ನೆ. ಮೀಸೆ ತಿರುವಿದರೆ ಅಪ್ಪ. ಹೆಬ್ಬೆರಳು ಜಗ್ಗಿದರೆ ಹಾಲು. ಕೈ ಮೇಲೆತ್ತಿ ತಲೆಯ ಮೇಲಿಟ್ಟರೆ “ನಾ ಅದೇನಿ, ಹೆದರಬ್ಯಾಡ”. ಕಾಕಿ ತೀರಿಕೊಂಡ ಮೇಲೆ ಆ ಭಾಷೆ ಬಲ್ಲವರು ಇಬ್ಬರೇ ಉಳಿದರು. ಅವರಲ್ಲೊಬ್ಬಳು ಮದುವೆಯಾಗಿ ಹುಕ್ಕೇರಿ ಹತ್ತಿರದ ತೋಟದ ಮನೆ ಸೇರಿದಳು. ಕಾಕಾನಿಗೆ ಓದು ಬಾರದು, ಅವಳಿಗೂ ಅಷ್ಟಕ್ಕಷ್ಟೇ. ಇನ್ನು ವಿಡಿಯೋ ಕಾಲ್ ಬಿಟ್ಟರೆ ಬೇರೆ ಗತಿ ಏನಿದೆ? ಚಕ್ರ ತಿರುಗಿತೋ, ಅವಳ ಕೈ ಗಾಳಿಯಲ್ಲೇ ನಿಂತಿತು. ಅಂದರೆ ಯಾರೋ ಬಂದು ಅವಳ ಬಾಯಿ ಮುಚ್ಚಿದ ಹಾಗೆ.

ಆಗ ಕಾಕಾ ಏನು ಮಾಡುತ್ತಿದ್ದ ಗೊತ್ತೇ? ತನ್ನ ಕೈಯನ್ನೂ ಇದ್ದಲ್ಲೇ ನಿಲ್ಲಿಸುತ್ತಿದ್ದ!

“ಕೈ ಇಳಸೋ ಕಾಕಾ.”

“ಅರ್ಧಾ ಮಾತು ಆಗೈತಿ. ಇಳಿಸಿದ್ರ ಚೆಲ್ಲಿ ಹೋಗತೈತಿ.”

ಒಮ್ಮೆ ಸಿಗ್ನಲ್ ಹುಡುಕಿ ನೀರಿನ ಟ್ಯಾಂಕ್ ಹತ್ತಿದವನು ಅರ್ಧ ಗಂಟೆ ಕೈ ಎತ್ತಿ ನಿಂತಿದ್ದ. ಮೈಮೇಲೆ ದೇವರು ಬಂದಿದೆ ಎಂದು ಓಣಿಯ ಹೆಂಗಸರು ನಿಂಬೆಹಣ್ಣು ಹಿಡಿದು ಬಂದರು. ಒಬ್ಬಳು ಕೈಮುಗಿದು, “ನಮ್ಮ ಎಮ್ಮಿ ಯಾವಾಗ ಈಯತೈತ್ರಿ?” ಎಂದಳು. ಕಾಕಾ ಕತ್ತು ಕೂಡ ತಿರುಗಿಸದೆ “ಹುಣ್ಣಿವಿ ಒಳಗ” ಎಂದ. ಹುಣ್ಣಿಮೆಯೊಳಗೇ ಈಯಿತು ಬೇರೆ! ಎಮ್ಮೆ ವ್ಯಾಪಾರದಲ್ಲೇ ಹಣ್ಣಾದವನಿಗೆ ದೇವರೇಕೆ ಬೇಕು?

ಈ ವರ್ಷ ತಂಗಿ ಬಸುರಿಯಾದಳು. ಚೊಚ್ಚಲು, ತವರಿಗೆ ಕರೆತರಬೇಕಿತ್ತು. “ಈ ರಸ್ತೆಯಲ್ಲಿ ಕುಲುಕಾಡಿಸಬೇಡಿ, ಅಲ್ಲೇ ಮಲಗಿರಲಿ” ಎಂದರು ಡಾಕ್ಟರು. ಎಮ್ಮೆ ಬಿಟ್ಟು ಬೀಗರ ಮನೆಯಲ್ಲಿ ಕಾಕಾ ಎಷ್ಟು ದಿನ ಕೂತಾನು? ದಿನಾ ಸಂಜೆ ಆರಕ್ಕೆ ಕರೆ ಎಂದಾಯಿತು. ಐದರಿಂದಲೇ ಕಾಕಾನಿಗೆ ಚಕ್ರದ ಭಯ. ಕೈಯಲ್ಲಿದ್ದ ಚಹಾ ಆರಿ ಹೋದದ್ದೂ ತಿಳಿಯದೆ, ಇನ್ನೂ ಕರೆ ಹಚ್ಚದ ಮೊಬೈಲನ್ನೇ ನೋಡುತ್ತಾ ಕೂತವನನ್ನು ಕಂಡ ದಿನ ನನ್ನ ನಗು ನಿಂತಿತು.

ಇಂಥ ಕಡೆ ನಾನು ತಲೆ ಹಾಕಲೇಬೇಕು. ಪಂಕ್ಚರ್ ಹಾಕುತ್ತಾ ಶುರುಮಾಡಿ, ಇಂದು ಮೂಡಲಗಿಯಲ್ಲಿ ಹಳೆಯ ಬೈಕುಗಳ ವ್ಯಾಪಾರಕ್ಕೆ ಕೂತವನು ನಾನು. ನನ್ನನ್ನು ಕೇಳದೆ ನಮ್ಮ ಬಳಗದಲ್ಲಿ ಮಿಕ್ಸರ್ ಕೂಡ ಯಾರೂ ಕೊಳ್ಳುವುದಿಲ್ಲ. ಗೋಕಾಕದಿಂದ ವೈರಿನ ಇಂಟರ್ನೆಟ್‌ನವನನ್ನು ಕರೆಸಿದೆ. ಅವನ ಚೀಟಿಯಲ್ಲಿ ಕುಂಬಳಕಾಯಿ ಗಾತ್ರದ ‘ನೂರು’, ಅದರ ಪಕ್ಕದಲ್ಲಿ ಇರುವೆ ಗಾತ್ರದ ‘ರವರೆಗೆ’.

“ನೂರರ ತನಕ ಸ್ಪೀಡ್ ಬರತೈತ್ರಿ ಕಾಕಾರ.”

“ತನಕ ಅಂದ್ರ?”

“ತನಕ ಅಂದ್ರ... ನೂರರ ತನಕರಿ.”

“ನಮ್ಮ ಎಮ್ಮಿ ಹತ್ತ ಲೀಟರ್ ತನಕ ಹಿಂಡತೈತಿ. ತಗೋತಿ ಏನ ತಮ್ಮಾ?”

ನಮ್ಮ ಕಡೆ ಎಮ್ಮೆ ಕೊಳ್ಳುವವರು ಎರಡು ಹೊತ್ತು ತಾವೇ ಹಿಂಡಿ ನೋಡುತ್ತಾರೆ. ಹಿಂದಿನ ಹೊತ್ತು ಹಿಂಡದೆ ಕೆಚ್ಚಲು ತುಂಬಿಸಿ ತೋರಿಸುವ ಚಾಲಾಕಿಗಳಿರುತ್ತಾರಲ್ಲ! ಹುಡುಗ ಬೆಳಿಗ್ಗೆ ಹತ್ತಕ್ಕೆ, ಓಣಿಯಲ್ಲಿ ಆಗಲೇ ಇದ್ದ ತನ್ನ ಕಂಪನಿಯ ವೈರಿನ ಮೇಲೆ, ಮೊಬೈಲಿನಲ್ಲಿ ವೇಗ ಅಳೆದು ತೋರಿಸಿದ. ಮುಳ್ಳು ನೂರರ ಹತ್ತಿರ ಹಾರಿತು. ಕಾಕಾ ಒಪ್ಪಲಿಲ್ಲ. “ಈಗ ಊರೆಲ್ಲಾ ಹೊಲದಾಗೈತಿ, ಕೆಚ್ಚಲು ತುಂಬೇ ಇರತೈತಿ. ಸಂಜಿ ಆರಕ್ಕ ಬಂದು ಹಿಂಡಿ ತೋರ್ಸು.”

ಆದರೆ ಆ ಹೊತ್ತಿಗೆ ನಾನು ಚೌಕಾಶಿಯ ಅಮಲಿನಲ್ಲಿದ್ದೆ. ವೈ-ಫೈ ಡಬ್ಬಿ ಪುಕ್ಕಟೆ ಮಾಡಿಸಿದ್ದೆ, ಕಂಬ ಪುಕ್ಕಟೆ ಮಾಡಿಸಿದ್ದೆ. “ಈ ಆಫರ್ ಇವತ್ತು ಮಧ್ಯಾಹ್ನದ ತನಕ ಅಷ್ಟೇರಿ” ಎಂದ ಅವನು. ಈ ಮಾತನ್ನು ನಾನೇ ದಿನಕ್ಕೆ ನಾಲ್ಕು ಗಿರಾಕಿಗಳಿಗೆ ಹೇಳುತ್ತೇನೆ! ಆದರೂ ಬಿದ್ದೆ. “ಕಾಕಾ, ಒಂದ ಹೊತ್ತು ಹಿಂಡಿದ್ದು ಸಾಕು, ಸುಮ್ಕಿರು.” ಕಾಕಾ ಎದ್ದು ಎಮ್ಮೆಯ ಕಡೆ ಹೋದ, ನಾನು ದುಡ್ಡು ಎಣಿಸಿ ಕೊಟ್ಟೆ. ನೀವು ನನ್ನಿಂದ ಒಂದು ಬುದ್ಧಿ ಕಲಿಯಿರಿ: ಚೌಕಾಶಿಯಲ್ಲಿ ಗೆದ್ದೆ ಎನ್ನಿಸಿದ ಗಳಿಗೆಯೇ ಕಿಸೆ ಮುಟ್ಟಿ ನೋಡಿಕೊಳ್ಳುವ ಗಳಿಗೆ.

ವೈರು ಬಂದ ಮೊದಲ ಸಂಜೆಯೇ ಊರೆಲ್ಲ ಮನೆ ಸೇರಿ ಅದೇ ವೈರಿನ ಮೇಲೆ ಕ್ರಿಕೆಟ್ ಹಚ್ಚಿತು. ನಮ್ಮಲ್ಲಿ ಚಕ್ರ ತಿರುಗಿತು. ಎರಡನೆಯ ಸಂಜೆಯೂ ಅಷ್ಟೇ. ಫೋನಿನಲ್ಲಿ ಬೈದರೆ ಆ ಹುಡುಗನದು ಒಂದೇ ಉತ್ತರ: “ನಾ ಮೊದಲ ಅಂದಿದ್ನಲ್ರಿ, ತನಕ ಅಂತ!”

ಮೂರನೆಯ ಸಂಜೆ ನಾನೂ ಕಾಕಾನ ಪಕ್ಕದಲ್ಲಿದ್ದೆ. ತಂಗಿಯ ಮುಖ ಮೂಡಿತು. ನಗು ಇರಲಿಲ್ಲ. ಒಂದು ಕೈ ಹೊಟ್ಟೆಯ ಮೇಲೆ. ಇನ್ನೊಂದನ್ನು ಎದೆಗೆ ಒತ್ತಿಕೊಂಡು ಬೆರಳು ಅದುರಿಸಿದಳು. ಅಷ್ಟು ನನಗೂ ತಿಳಿಯಿತು: ಹೆದರಿಕೆ ಆಗಾಕತ್ತೈತಿ. ಕಾಕಾ ತಟ್ಟನೆ ಬಲಗೈ ಮೇಲೆತ್ತಿದ. ಅದು ತಲೆ ಮುಟ್ಟುವ ಮೊದಲೇ ಚಕ್ರ!

ಒಂದು ನಿಮಿಷ. ಐದು ನಿಮಿಷ. ಪರದೆಯ ಮೇಲೆ ಅವಳ ಹೆದರಿದ ಮುಖ ಹಾಗೆಯೇ ಅಂಟಿಕೊಂಡಿತ್ತು. ನಾನು ಅವಳ ಅತ್ತೆಗೆ ಫೋನು ಹಚ್ಚಿದೆ. “ಹೊಟ್ಟಿ ಬ್ಯಾನಿ ಏನೂ ಇಲ್ಲಂತ ಕಾಣತೈತ್ರಿ. ಸುಮ್ನ ಅಳಾಕತ್ತಾಳ. ಕೈ ಮಾಡಿ ಏನೇನೋ ಹೇಳ್ತಾಳ, ನಮಗೊಂದೂ ತಿಳಿವಲ್ದು.”

“ಗಾಡಿ ತಗಿ,” ಎಂದ ಕಾಕಾ.

ನೂರಾರು ಬೈಕು ಮಾರಿದ ನಾನು ಅಂದು ಚಾವಿ ತಿರುಗಿಸದೆಯೇ ನಾಲ್ಕು ಸಲ ಕಿಕ್ ಹೊಡೆದೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು: ಅವಳಿಗೇನಾದರೂ ಆದರೆ ಅದು ನಾನು ಪುಕ್ಕಟೆ ಮಾಡಿಸಿದ ಡಬ್ಬಿಯಿಂದ. ಮುಳುಗುವ ಸೂರ್ಯ ಕಣ್ಣಿಗೆ ಚುಚ್ಚುತ್ತಿದ್ದ. ಗೋಕಾಕದಲ್ಲಿ ಎದುರು ಬಂದವರು ಕೈ ಎತ್ತತೊಡಗಿದರು. ಚಹಾದಂಗಡಿಯಿಂದ ಒಬ್ಬ, “ಯಾವ ಪಾರ್ಟಿ ಕಾಕಾ?” ಎಂದು ಕೂಗಿದ. ಏನೆಂದು ಕನ್ನಡಿಯಲ್ಲಿ ನೋಡಿದರೆ, ಹಿಂದೆ ಕೂತ ಕಾಕಾನ ಬಲಗೈ ಇನ್ನೂ ಗಾಳಿಯಲ್ಲೇ ಇದೆ!

“ಕೈ ಇಳಸೋ ಕಾಕಾ, ಬಿದ್ದ ಗಿದ್ದೀಯ!”

“ನೀ ಮುಂದ ನೋಡಿ ಹೊಡಿ.”

ಹುಕ್ಕೇರಿಯವರೆಗೂ ನಾನು ಮುಂದೆ ನೋಡಿಯೇ ಹೊಡೆದೆ.

ತೋಟದ ಮನೆಯ ಬಾಗಿಲಲ್ಲಿ ದೀಪ ಹಚ್ಚಿದ್ದರು. ಒಳಗೆ ಮಂಚದ ಮೇಲೆ ತಂಗಿ ಮೊಬೈಲನ್ನು ದಿಟ್ಟಿಸುತ್ತಾ ಕೂತಿದ್ದಳು. ಅದರಲ್ಲಿ ಕೈ ಎತ್ತಿದ ಅಪ್ಪ, ನಡುವೆ ಚಕ್ರ. ನೆರಳು ಬಿದ್ದಂತಾಗಿ ತಲೆ ಎತ್ತಿದಳು. ಅದೇ ಅಪ್ಪ, ಅದೇ ಕೈ, ಹೊಸ್ತಿಲ ಮೇಲೆ.

ಕಾಕಾ ಚಪ್ಪಲಿಯನ್ನೂ ಬಿಡದೆ ಹೋಗಿ, ಕಲ್ಲೋಳಿಯಲ್ಲಿ ಅರ್ಧಕ್ಕೆ ನಿಂತ ಆ ಮಾತನ್ನು ಮಗಳ ನೆತ್ತಿಯ ಮೇಲೆ ಮುಗಿಸಿದ.

ಅವಳ ಹೆಗಲು ಮೆಲ್ಲಗೆ ಸಡಿಲಾಯಿತು. ಕಣ್ಣೊರೆಸಿಕೊಂಡು, ಮಣಿಕಟ್ಟು ಬಡಿದು ಕೇಳಿದಳು: ಇಷ್ಟ್ಯಾಕ ಹೊತ್ತಾತು? ಕಾಕಾ ಎಡಗೈ ಬೆರಳಿನಿಂದ ಗಾಳಿಯಲ್ಲಿ ಗಿರಗಿರ ಒಂದು ಚಕ್ರ ತಿರುಗಿಸಿ, ಅದೇ ಬೆರಳನ್ನು ನನ್ನ ಕಡೆ ತೋರಿಸಿದ. ಅವಳು ಅಳುತ್ತಲೇ ನಕ್ಕಳು.

ಬಲಗೈ ಮಾತ್ರ ನೆತ್ತಿಯ ಮೇಲೇ ಇತ್ತು.