ಕೊಳಕ್ಕೆ ಅಪ್ರದಕ್ಷಿಣೆ

ನಡೆಯುವುದಕ್ಕೂ ಶಿಸ್ತು ಬೇಕು ಎಂದರೆ ಜನ ನಗುತ್ತಾರೆ. ನಗಲಿ. ಕಾಲಿದ್ದವರಿಗೆಲ್ಲ ನಡೆಯಲು ಬರುತ್ತದೆ ಎಂಬ ಭ್ರಮೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಕ್ರೋಯ್ಡನ್ನಿನ ನಮ್ಮ ಪಾರ್ಕಿಗೆ ಬೆಳಿಗ್ಗೆ ಬರಬೇಕು. ನಾಯಿ ಎಳೆದ ಕಡೆಗೆ ಹೋಗುವವರು, ಕಿವಿಗೆ ವೈರು ಸಿಕ್ಕಿಸಿಕೊಂಡು ಓಡುತ್ತ ಎದುರಾದವರಿಗೆಲ್ಲ ‘ಸಾರಿ’ ಹೇಳುವವರು, ‘ಬಾತುಗಳಿಗೆ ಬ್ರೆಡ್ ಹಾಕಬೇಡಿ’ ಎಂಬ ಕೌನ್ಸಿಲ್ ಬೋರ್ಡಿಗೇ ಒರಗಿ ನಿಂತು ಬ್ರೆಡ್ ಹಾಕುವವರು. ಬಾತುಗಳಾದರೂ ಸಾಲಾಗಿ ಹೋಗುತ್ತವೆ.

ನಾನು ಮೈಸೂರಿನ ಹಾಸ್ಟೆಲಿನಲ್ಲಿ ಐದು ಗಂಟೆಯ ಬೆಲ್ಲಿಗೆ ಎದ್ದು ಬೆಳೆದವನು. ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಸೀಸೆಗಳಿಗೆ ಚೀಟಿ ಅಂಟಿಸಿದವನು. ನಿವೃತ್ತನಾದ ಮೇಲೆ ಪಾರ್ಕಿನ ಕೊಳಕ್ಕೆ ದಿನವೂ ಏಳೂವರೆಗೆ ಹನ್ನೊಂದು ಸುತ್ತು, ಪ್ರದಕ್ಷಿಣೆಯಾಗಿ. ಕೊಳದ ನಡುವೆ ದೇವರಿಲ್ಲ, ಮುಳುಗಿದ ಸೂಪರ್‌ಮಾರ್ಕೆಟ್ ಟ್ರಾಲಿಯೊಂದಿದೆ, ಒಪ್ಪುತ್ತೇನೆ. ಆದರೂ ಕ್ರಮ ಎಂದರೆ ಕ್ರಮ. ನನ್ನ ಹಿಂದೆ ಹೆಂಡತಿ ವಿಮಲಾ, ಅವಳ ಹಿಂದೆ ಪಕ್ಕದ ಬೀದಿಯ ಧಾರವಾಡದ ಡಾಕ್ಟರ್ ಪಾಟೀಲರು ಮತ್ತು ಅವರ ಹೆಂಡತಿ ಶಾಂತಾಬಾಯಿ. ಐದನೇ ಸುತ್ತಿನವರೆಗೆ ಮಾತಿಲ್ಲ, ಉಸಿರು ಕೆಡುತ್ತದೆ.

ಒಂದು ದಿನ ಪಾಟೀಲರು ಗೇಟಿನಲ್ಲೇ ನಿಂತುಬಿಟ್ಟರು. “ರಾಯರ, ಬಲಕ್ಕ ಸುತ್ತಿ ಸುತ್ತಿ ನನ್ನ ಬಲ ಮೊಣಕಾಲು ಸವದ ಹೋಗೇತ್ರಿ. ಇವತ್ತಿಂದ ನಾವು ಎಡಕ್ಕ ಸುತ್ತತೀವಿ.”

“ಅಪ್ರದಕ್ಷಿಣೆ!” ಎಂದೆ.

“ಟ್ರಾಲಿಗೆ ಸಿಟ್ಟ ಬರೂದಿಲ್ಲ ಬಿಡ್ರಿ.”

ವೈದ್ಯಕೀಯ ಓದಿದ ಮನುಷ್ಯ ಆಡುವ ಮಾತೇ ಇದು? ನಾನು ಎಂದಿನ ದಿಕ್ಕಿಗೇ ಹೊರಟೆ. ಆದರೆ ವಿಮಲಾ ಅವರ ಕಡೆಗೆ ಹೊರಟಳು. “ರೀ, ನಾನೂ ಈ ಕಡೆಯಿಂದ ಬರ್ತೀನಿ. ಇಷ್ಟು ವರ್ಷ ನಿಮ್ಮ ಬೆನ್ನು ನೋಡಿದ್ದಾಯ್ತು. ಹೀಗಾದ್ರೆ ಮುಖನಾದ್ರೂ ಕಾಣತ್ತೆ.”

ಅಂದಿನಿಂದ ನನ್ನ ಪ್ರದಕ್ಷಿಣೆ ಒಂಟಿಯಾಯಿತು. ಸುತ್ತಿಗೆ ಎರಡು ಸಲ ಅವರು ಎದುರಾಗಬೇಕು. ಅವರ ಆಮೆನಡಿಗೆಯಲ್ಲಿ ಒಂದೂಮುಕ್ಕಾಲು ಸಲ. ಬರುವಾಗ ಮೂವರೂ ಬಿದ್ದು ಬಿದ್ದು ನಗುತ್ತಿರುತ್ತಾರೆ, ನನ್ನನ್ನು ಕಂಡ ಕೂಡಲೇ ಗಂಭೀರರಾಗುತ್ತಾರೆ. ದಾಟುವಾಗ ಕಿವಿಗೆ ಬೀಳುವುದು ಒಂದೇ ತುಣುಕು. ಒಂದು ದಿನ ಶಾಂತಾಬಾಯಿ, “ಫ್ರಿಜ್ಜಿನ ಬಾಗಲಾ ತಗದು ನೋಡತಾಳ, ಒಳಗ…” ಎನ್ನುತ್ತಿದ್ದರು. ಒಳಗೆ ಏನು? ನಾನು ಹೆಜ್ಜೆ ಚುರುಕು ಮಾಡಿದೆ. ಮುಂದಿನ ಸಲ ಎದುರಾಗುವಾಗ ಅವರು ಬದನೆಕಾಯಿ ಎಣ್ಣೆಗಾಯಿಯ ವಿಷಯಕ್ಕೆ ಬಂದಿದ್ದರು. ಯಾವ ಕಥೆಯನ್ನೂ ಕ್ರಮವಾಗಿ ಮುಗಿಸಲಾರದ ಜನ. ಮನೆಯಲ್ಲಿ ವಿಮಲಾಳನ್ನು ಕೇಳಬಹುದಿತ್ತು. ಕೇಳಿದರೆ ಕದ್ದು ಕೇಳಿಸಿಕೊಂಡೆ ಎಂದು ಒಪ್ಪಿಕೊಂಡಂತಾಗುತ್ತಿತ್ತು.

ಮೂರು ವಾರ ತಡೆದೆ. ಐದನೇ ಸುತ್ತು ಮುಗಿದು ಮಾತಿಗೆ ಅನುಮತಿ ಇದ್ದರೂ ಆಡಲು ಯಾರೂ ಇಲ್ಲ ಎನ್ನುವುದು ಎಂಥ ಶಿಕ್ಷೆ ಎಂದು ಆಗ ತಿಳಿಯಿತು. ಕೊನೆಗೊಂದು ಸೋಮವಾರ, ಎಂದಿನಂತೆ ಅವರಿಗಿಂತ ಮೊದಲೇ ಪಾರ್ಕಿಗೆ ಬಂದು, ಸುತ್ತಮುತ್ತ ನೋಡಿ, ಅಪ್ರದಕ್ಷಿಣೆಗೆ ಹೊರಟೆ. ನಿಧಾನವಾಗಿ ನಡೆದೆ, ಹಿಂದಿನಿಂದ ಬಂದು ಸೇರಿಕೊಳ್ಳಲಿ ಎಂದು. ಅರ್ಧ ಸುತ್ತು ಮುಗಿಯುವಾಗ ಎದುರಿನಿಂದ ನಗು ಕೇಳಿಸಿತು. ಮೂವರೂ ಸಾಲಾಗಿ, ಪ್ರದಕ್ಷಿಣೆಯಾಗಿ ಬರುತ್ತಿದ್ದರು.

“ಅಯ್ಯೋ, ನೀವ್ಯಾಕ್ರೀ ಈ ಕಡೆ?” ಎಂದಳು ವಿಮಲಾ. “ನೀವು ಬೇಜಾರು ಮಾಡ್ಕೊಂಡಿದೀರ ಅಂತ ನಾವೇ ನಿಮ್ಮ ದಾರಿಗೆ ಬಂದ್ವಲ್ಲ!”

“ಮೊಣಕಾಲು ಬಿಟ್ಟಕೊಟ್ಟು ಬಂದೀನ್ರೀ ರಾಯರ,” ಎಂದರು ಪಾಟೀಲರು.

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದೇ ಮಾತು ಸಾಕಿತ್ತು. ನಾನು, “ಆ ಕಡೆಯಿಂದ ಬಂದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ,” ಎಂದೆ. ಒಂಬತ್ತು ದಿನಗಳಿಂದ ಕ್ರೋಯ್ಡನ್ನಿನಲ್ಲಿ ಸೂರ್ಯನ ಮುಖ ಕಂಡಿರಲಿಲ್ಲ. ಶಾಂತಾಬಾಯಿ ತಲೆಯೆತ್ತಿ ಮೋಡ ನೋಡಿದರು, ಮರ್ಯಾದಸ್ಥೆ, ಮತ್ತೆ ತಲೆ ತಗ್ಗಿಸಿದರು.

ಒಮ್ಮೆ ಕಾರಣ ಕೊಟ್ಟ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕಾದದ್ದು ಶಿಸ್ತು. ಹಾಗಾಗಿ ಈಗ ಅವರು ಮೂವರು ಕ್ರಮವಾಗಿ ಪ್ರದಕ್ಷಿಣೆ ಹಾಕುತ್ತಾರೆ. ಇಡೀ ಪಾರ್ಕಿನಲ್ಲಿ ತಪ್ಪು ದಿಕ್ಕಿಗೆ ಸುತ್ತುವ ಕನ್ನಡಿಗ ನಾನೊಬ್ಬನೇ, ಬಿಸಿಲಿಲ್ಲದಿದ್ದರೂ ಕಣ್ಣು ಕಿರಿದು ಮಾಡಿಕೊಂಡು. ಫ್ರಿಜ್ಜಿನೊಳಗೆ ಏನಿತ್ತೋ ಇನ್ನೂ ಗೊತ್ತಾಗಿಲ್ಲ.