ಮೊದಲನೇ ಸಲ ಬ್ಯಾಡ ಅನ್ನಬೇಕು

ಶಿಸ್ತಿನ ಮನುಷ್ಯನನ್ನು ನಗೆಪಾಟಲಿನ ಪ್ರಸಂಗಗಳು ಹುಡುಕಿಕೊಂಡೇ ಬರುತ್ತವೆ, ಬಿಳಿ ಧೋತ್ರವನ್ನು ಕೆಸರು ಹುಡುಕಿಕೊಂಡು ಬರುವ ಹಾಗೆ. ಗದಗ ಜಿಲ್ಲೆಯಾದ ಮೇಲೆ ನಮ್ಮ ಬೆಟಗೇರಿ ಓಣಿಯವರೆಲ್ಲ ಮನೆಯ ಮೇಲೆ ಮಹಡಿ ಏರಿಸಿದರು. ನಾನು ನಿವೃತ್ತನಾದಾಗ ಮಹಡಿಯ ಆಸೆ ಬಿಟ್ಟು, ಹೆಂಡತಿಯೊಂದಿಗೆ ಒಂದು ವರ್ಷ ಜಗತ್ತು ಸುತ್ತಿ ಬಂದೆ. "ಏನೇನ್ ನೋಡಿದ್ರಿ ಸರ್?" ಎಂದು ಜನ ಈಗಲೂ ಕೇಳುತ್ತಾರೆ. ಗೋಪುರ, ಸೇತುವೆ ಎಲ್ಲ ನೋಡಿದೆವು. ನೆನಪಿನಲ್ಲಿ ಉಳಿದದ್ದು ಮಾತ್ರ ಊಟದ ತಟ್ಟೆಗಳು.

೧. ಒಂದೇ ಸಲ ಕೇಳುವ ಊರು

ಪೋರ್ಚುಗಲ್ಲಿನ ಒಂದು ಹಳ್ಳಿಯಲ್ಲಿ ಬಸ್ಸು ತಪ್ಪಿತು. ನಿಲ್ದಾಣದ ಎದುರು ಮನೆಯ ಅಜ್ಜಿ ನಮ್ಮನ್ನು ಕರೆದು ಕೂರಿಸಿ, ಬಿಸಿ ಬ್ರೆಡ್ಡು, ಚೀಸು ಮುಂದೆ ಹಿಡಿದಳು. ಬೆಳಗಿನಿಂದ ನಾವು ಏನೂ ತಿಂದಿರಲಿಲ್ಲ. ಆದರೂ ನನ್ನ ಹೆಂಡತಿ ನಮ್ಮ ಕಡೆಯ ಮರ್ಯಾದೆಯಂತೆ ಕೈ ಅಡ್ಡ ಹಿಡಿದು, "ಬ್ಯಾಡ್ರಿ, ಈಗರ ಉಂಡೇವಿ" ಎಂದಳು. ಅಜ್ಜಿಗೆ ಕೈ ಅರ್ಥವಾಯಿತು. ನಕ್ಕು, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಇನ್ನೊಮ್ಮಿ ಕೇಳಬಾರದೇನ್ರಿ ಆಕಿ?"

"ಬೇಡ ಅಂದರೆ ಬೇಡ. ಅದು ನಾಗರಿಕತೆ" ಎಂದೆ.

"ಹಂಗಾರ ನಾಗರಿಕತೀನ ಉಣ್ರಿ."

ಮುಂದಿನ ಬಸ್ಸು ಬರುವ ತನಕ ಅದನ್ನೇ ಉಂಡೆ.

೨. ಕೇಳದೆ ನೀಡುವ ಊರು

ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ನಮ್ಮ ಜೀಪು ಕೆಟ್ಟಿತು, ಬೆನ್ನಿಗೇ ಬಿರುಗಾಳಿ. ಕುರಿ ಕಾಯುವವನೊಬ್ಬ ನಮ್ಮಿಬ್ಬರನ್ನೂ ತನ್ನ ಡೇರೆಯೊಳಗೆ ಎಳೆದುಕೊಂಡ. ಯಾರ ಹಂಗಿಗೂ ಬೀಳಬಾರದೆಂಬುದು ನನ್ನ ತತ್ವ. ಆತ ತತ್ವ ವಿಚಾರಿಸಲಿಲ್ಲ. ಬಟ್ಟಲು ಬರಿದಾದಾಗಲೆಲ್ಲ ಉಪ್ಪು ಹಾಕಿದ ಹಾಲಿನ ಚಹಾ ತುಂಬಿಸಿದ. ನಾನು ಕೈ ಅಡ್ಡ ಹಿಡಿದರೆ ಕೈ ಸರಿಸಿ ಸುರಿದ. ತನ್ನ ಹಾಸಿಗೆ ನಮಗೆ ಕೊಟ್ಟು, ತಾನು ನೆಲದ ಮೇಲೆ ಮಲಗಿದ.

ಗಾಳಿ ನಿಂತ ಬೆಳಿಗ್ಗೆ, ಡೇರೆಯ ಹತ್ತಿರದ ಕೆರೆಯಲ್ಲಿದ್ದ ಪಟ್ಟೆತಲೆಯ ಹೆಬ್ಬಾತುಗಳನ್ನು ತೋರಿಸಿ ಹೆಮ್ಮೆಯಿಂದ ಏನೋ ಹೇಳಿದ. ಪಟ್ಟಣದಲ್ಲಿ ಓದಿದ್ದ ಆತನ ಮಗಳು ಅದನ್ನು ಇಂಗ್ಲಿಷಿಗೆ ತಂದಳು, ನಾನು ಕನ್ನಡಕ್ಕೆ ತಂದೆ: "ಇವು ನಮ್ಮವು. ಚಳಿಗಾಲದಲ್ಲಿ ಎಲ್ಲಿಗೋ ಹೋಗುತ್ತವೆ."

ಹೆಂಡತಿ ಎದ್ದು ನಿಂತಳು. "ಎಲ್ಲಿಗೋ ಏನ್ ಬಂತು? ಇವು ನಮ್ಮ ಗದಗ ಸೀಮಿ ಮಾಗಡಿ ಕೆರೀವು! ಇಲ್ಲಿಗೆ ಬ್ಯಾಸಗಿ ಸೂಟಿಗೆ ಬಂದಾವ. ಹೇಳ್ರಿ ಅವರಿಗೆ."

ಹೇಳಿದೆ. ಆತ ಗಂಭೀರವಾಗಿ ಯೋಚಿಸಿದ. "ಹಾಗಾದರೆ ನಾವು ಬೀಗರು."

"ಬೀಗರು ಅಂದಮ್ಯಾಲೆ ನಮ್ಮನಿಗೆ ಬಂದು ಉಣ್ಣಬೇಕು. ಇವರ ಅನ್ನದ ಋಣ ಹೊತ್ಕೊಂಡು ನಾ ಸಾಯಾಕಿ ಅಲ್ಲ."

"ಸುಮ್ಮನೆ ಕರೆಯಬೇಡ. ಕರೆದ ಮಾತು ಮಾತೇ" ಎಂದು ಎಚ್ಚರಿಸಿದೆ.

"ಸುಮ್ಮನ ಯಾರ್ ಕರದ್ರು?" ಎಂದವಳು ಅಲ್ಲಿಯೇ ಬೀಗರಿಗೆ ನಮ್ಮ ರೀತಿ-ರಿವಾಜು ಕಲಿಸತೊಡಗಿದಳು: ನೀಡಲು ಬಂದಾಗ ಮೊದಲನೇ ಸಲ "ಬ್ಯಾಡ್ರಿ" ಅನ್ನಬೇಕು. ಗಪ್ಪನೆ ಇಸಿದುಕೊಂಡರೆ ಜನ ಬರಗೆಟ್ಟವರು ಅಂತಾರೆ. ಜೀಪು ದುರಸ್ತಿಯಾಗುವಷ್ಟರಲ್ಲಿ ಅಪ್ಪ-ಮಗಳು ಅಪ್ಪಟ ಗದಗಿನವರಂತೆ ಬ್ಯಾಡ ಅನ್ನುತ್ತಿದ್ದರು.

೩. ಬೀಗರು ಬಂದರು

ನಾವು ಊರು ಸೇರಿದ ಮೇಲೆ ಬಂದ ಚಳಿಗಾಲದಲ್ಲಿ ಅಪ್ಪ-ಮಗಳು ಇಬ್ಬರೂ ಖರೇನೇ ಬಂದಿಳಿದರು. ಮಾಗಡಿ ಕೆರೆಯ ದಂಡೆಯಲ್ಲಿ ತನ್ನ ಬಾತುಗಳನ್ನು ಕಂಡು ಆತ ಟೋಪಿ ತೆಗೆದ; ಕಣ್ಣೊರೆಸಿಕೊಂಡ. ಮನೆಯಲ್ಲಿ ಹೆಂಡತಿ ನಸುಕಿನಿಂದ ಒಲೆಯ ಮುಂದಿದ್ದಳು. ಋಣ ತೀರಿಸುವ ದಿನ. ನೀಡುವ ಕೆಲಸ ನನ್ನದು.

ರೊಟ್ಟಿ ಹಿಡಿದು ಬಂದೆ. ಆತ ಕೈ ಅಡ್ಡ ಹಿಡಿದ. "ಬ್ಯಾಡ್ರಿ."

ನಾನು ಜಗತ್ತು ಸುತ್ತಿದವನು. ರೊಟ್ಟಿಯನ್ನು ಗೌರವದಿಂದ ಒಳಗೆ ಒಯ್ದೆ. ಎಣ್ಣೆಗಾಯಿ ತಂದೆ. "ಬ್ಯಾಡ್ರಿ" ಎಂದಳು ಮಗಳು. ಅದೂ ಒಳಗೆ ಹೋಯಿತು. ಹೋಳಿಗೆಯೂ ಹೋಯಿತು.

"ಎಲ್ಲಾ ಯಾಕ ವಾಪಸ್ ಬರಾಕತ್ತೈತ್ರಿ?"

"ಬೇಡವಂತೆ."

ಹೆಂಡತಿ ಇಣುಕಿದಳು. ಬೀಗರು ಖಾಲಿ ತಟ್ಟೆಯ ಮುಂದೆ ಶಿಸ್ತಾಗಿ ಕೂತು, ಎರಡನೇ ಸಲದ ದಾರಿ ಕಾಯುತ್ತಿದ್ದರು.

"ನಿಮ್ಮ ನಾಗರಿಕತಿಗೆ ಬೆಂಕಿ ಹತ್ಲಿ! ಅದು ಮೊದಲನೇ ಬ್ಯಾಡ ಐತ್ರಿ!"

ಆಮೇಲೆ ನೀಡಿದ್ದೇ ನೀಡಿದ್ದು. ಕೊನೆಗೆ ಆತ ತಟ್ಟೆಯ ಮೇಲೆ ಎರಡೂ ಕೈ ಚಾಚಿ, "ಬ್ಯಾಡ್ರಿ! ಬ್ಯಾಡ್ರಿ!" ಎಂದು ದೀನನಾಗಿ ನನ್ನ ಮುಖ ನೋಡಿದ. ಇದು ಖರೇ ಬ್ಯಾಡ ಎಂದು ನನಗೂ ತಿಳಿಯಿತು.

ಆದರೆ ಆ ಬಿರುಗಾಳಿಯಲ್ಲಿ ಆತ ನನ್ನ ತತ್ವ ವಿಚಾರಿಸಿದ್ದನೇ? ಕೈ ಸರಿಸಿ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದೆ.