ಜರ್ಮನ್ ಕಾರು, ಧಾರವಾಡದ ಡ್ರೈವರು

ಜರ್ಮನ್ ಕಾರು ಇಟ್ಟುಕೊಂಡ ಕನ್ನಡದವನ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ತಪ್ಪು ಕಾರಿನದಲ್ಲ. ನಮ್ಮದು.

ಕಂಪನಿಯ ಹೆಸರು ಬರೆಯುವುದಿಲ್ಲ. ಗೊತ್ತಿರುವವರಿಗೆ ಗೊತ್ತು. ಗೊತ್ತಿಲ್ಲದವರು ನನ್ನ ಪಕ್ಕ ಊಟಕ್ಕೆ ಕೂತರೆ ಗೊತ್ತಾಗುತ್ತದೆ. ನನ್ನದು ಮಾತು ಕಡಿಮೆ. ಹಿಮ, ರಾಜಕೀಯ, ಮೊಮ್ಮಕ್ಕಳು, ಯಾವುದಕ್ಕೂ ಬಾಯಿ ತೆರೆಯುವುದಿಲ್ಲ. ಈ ಕಾರಿನ ವಿಷಯಕ್ಕೆ ತೆರೆದರೆ ಮುಚ್ಚುವುದಿಲ್ಲ ಎಂದು ಹೆಂಡತಿಯ ದೂರು.

ನಾವಿರುವುದು ಕಡಲಾಚೆಯ ಎಡಿಸನ್‌ನಲ್ಲಿ. ಕ್ರ್ಯಾನ್‌ಬರಿಯ ಗೋದಾಮುಗಳಲ್ಲಿ ಯಂತ್ರ ನೋಡಿಕೊಳ್ಳುವ ಎಂಜಿನಿಯರಾಗಿದ್ದೆ. ನಿವೃತ್ತನಾದಾಗ ಈ ಕಾರು ಕೊಂಡೆ. ಈಚೆಗೆ ಕಣ್ಣು ಮಂಜಾಯಿತು. ಓಡಿಸುವವರಿಲ್ಲದ ಕಾರನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಪ್ರಶ್ನೆ ಎದ್ದಿತು. ಕಾರು ಹೋದರೆ ನನ್ನ ಹೆಂಡತಿಯ ಭಾನುವಾರವೂ ಹೋಗುತ್ತದೆ. ಪ್ರತಿ ಭಾನುವಾರ ಅವಳು ಸೇತುವೆಗಳ ಆಚೆ ಬೆಲ್‌ರೋಸ್‌ನಲ್ಲಿರುವ ಅಕ್ಕನನ್ನು ನೋಡಬೇಕು. ಅಕ್ಕನಿಗೆ ಮೊಣಕಾಲು ನೋವು, ಈ ಕಡೆ ಬರಲಾರರು. ಎರಡು ರೈಲು ಬದಲಿಸಿ ಹೋಗಲು ಇವಳಿಗೂ ಆಗುವುದಿಲ್ಲ. ಇಲ್ಲಿ ಬರೆದಿರುವುದೆಲ್ಲ ಆ ಪ್ರಶ್ನೆಯ ಹಿಂದುಮುಂದಿನ ಪ್ರಸಂಗಗಳು.

ಆರತಿ

ಕಾರು ಬಂದ ದಿನ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಪೂಜೆ. ಅರ್ಚಕರು ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟರು. ಬಾನೆಟ್ಟಿಗೆ ಕುಂಕುಮ ಹಚ್ಚಲು ಬಂದಾಗ ನಾನು ಪೇಂಟಿನ ಗುಣಮಟ್ಟದ ಬಗ್ಗೆ ಸ್ವಲ್ಪ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನಂತರ ಹಚ್ಚಿದರು.

ನೆರೆದವರಿಗೆ ಕಂಪನಿಯ ವಿಷಯ ಹೇಳಿದೆ. ಜರ್ಮನರು ಮುಂಚೆಯೇ ಎಲ್ಲವನ್ನೂ ಯೋಚಿಸಿರುತ್ತಾರೆ, ಅವರಿಗೆ ತಿಳಿಯದೆ ಈ ಕಾರಿನಲ್ಲಿ ಒಂದು ಸ್ಕ್ರೂ ಕೂಡ ಅಲ್ಲಾಡುವುದಿಲ್ಲ ಎಂದೆ. ಅರ್ಚಕರು ಇನ್ನು ಹೊರಡಿ ಎಂದರು. ಹೆಂಡತಿ ಆರತಿ ತಟ್ಟೆ ಹಿಡಿದು ಮುಂದೆ ಬಂದಳು. ನಾನು ಪೆಡಲ್ ಒತ್ತಿದೆ. ಕಾರು ಕೀಂ ಎಂದು ಕೂಗಿ ತಾನೇ ಬ್ರೇಕ್ ಹಾಕಿಕೊಂಡಿತು. ಎದುರಿಗೆ ಮನುಷ್ಯರಿದ್ದರೆ ಅದು ಕದಲುವುದಿಲ್ಲ. ಇವಳು ಪಕ್ಕಕ್ಕೆ ಸರಿದಾಗ ಇನ್ನೊಬ್ಬ ಆಂಟಿ ಅಕ್ಷತೆ ಹಿಡಿದು ಬಂದರು. ಮತ್ತೆ ಕೀಂ. ಅಕ್ಷತೆಯವರು ಸರಿದರೆ ಅರಿಶಿನದವರು. ನಿಂಬೆಹಣ್ಣುಗಳು ಹಾಗೇ ದುಂಡಗೆ ಕೂತಿದ್ದವು.

ಹೆಂಡತಿ ಕಿಟಕಿಯ ಬಳಿ ಬಗ್ಗಿ ಮೆಲ್ಲಗೆ ಹೇಳಿದಳು: "ನಿಮ್ಮ ಜರ್ಮನ್ನರು ಎಲ್ಲಾ ವಿಚಾರ ಮಾಡ್ಯಾರ್ರಿ. ಆರತಿ ಒಂದ ಬಿಟ್ಟಾರ."

ಅವಳು ಧಾರವಾಡದವಳು. ನಾನು ಮೈಸೂರಿನವನು. ನಮ್ಮ ಮನೆಯಲ್ಲಿ ಕೊನೆಯ ಮಾತು ಯಾವ ಕಡೆಯದು ಎಂದು ಬೇರೆ ಹೇಳಬೇಕಾಗಿಲ್ಲ.

ಮೊದಲ ದೋಸೆ

ಈ ಕಂಪನಿಯ ಹೆಸರು ದೊಡ್ಡದು. ಯಾರ ಮನೆಗೆ ಹೋದರೂ ಗಂಡಸರು ಹೊರಗೆ ಬಂದು ಕಾರನ್ನು ಸವರಿ ನೋಡುತ್ತಾರೆ. ಆಮೇಲೆ ಮೈಂಟೆನೆನ್ಸ್ ಹೇಗೆ ಎಂದು ಕೇಳುತ್ತಾರೆ. ದನಿಯಲ್ಲಿ ಗೌರವ, ಮುಖದಲ್ಲಿ ಸಂತಾಪ.

ಪಕ್ಕದ ಬೀದಿಯಲ್ಲಿ ಮೈಸೂರಿನವರೇ ಒಬ್ಬರಿದ್ದಾರೆ. ಅವರದು ಜಪಾನಿನ ಕಾರು. ಮಗಳನ್ನು ಕಾಲೇಜಿಗೆ ಬಿಟ್ಟುಬಂದದ್ದು ಅದರಲ್ಲೇ, ಅವಳಿಗೆ ಮಗ ಹುಟ್ಟಿದರೂ ಅದೇ ಕಾರು. ಒಂದು ಶನಿವಾರ ನಮ್ಮ ಮನೆಗೆ ತಿಂಡಿಗೆ ಬಂದವರು, ನಿಮ್ಮ ಕಾರು ಮನೆಯಲ್ಲಿರುವುದಕ್ಕಿಂತ ಸರ್ವೀಸ್ ಸ್ಟೇಷನ್ನಿನಲ್ಲೇ ಜಾಸ್ತಿ ಇರುತ್ತದಲ್ಲ ಎಂದು ಕೆಣಕಿದರು. ಅದು ನನ್ನ ಚಪಲ, ಅಗತ್ಯವಿಲ್ಲದಿದ್ದರೂ ತೋರಿಸಿಕೊಂಡು ಬರುತ್ತೇನೆ. ಅದನ್ನು ಅವರಿಗೆ ಹೇಳಲು ಮನಸ್ಸಾಗಲಿಲ್ಲ. ಇತಿಹಾಸ ಹಿಡಿದೆ. ಕುದುರೆ ಇಲ್ಲದೆ ಓಡುವ ಗಾಡಿಯನ್ನು ಜಗತ್ತಿಗೆ ಮೊದಲು ಕೊಟ್ಟ ವಂಶ ಇದು, ನಿಮ್ಮ ಜಪಾನಿನವರು ಆಗ ಎಲ್ಲಿದ್ದರು ಎಂದು ಕೇಳಿದೆ.

ಅವರು ಚಟ್ನಿ ನೆಕ್ಕಿಕೊಂಡು ಸಾವಕಾಶವಾಗಿ ಉತ್ತರ ಕೊಟ್ಟರು.

"ಮೊದಲನೇ ದೋಸೆ ಸಾರ್. ಯಾವತ್ತೂ ಕಾವಲಿ ಬಿಟ್ಟು ಏಳಲ್ಲ."

ಒಳಗೆ ಹೆಂಡತಿ ನಕ್ಕಿದ್ದು ಕೇಳಿಸಿತು. ಅವರಿಗೆ ಇನ್ನೊಂದು ದೋಸೆ ಬಂತು. ನನಗೆ ಬರಲಿಲ್ಲ.

ಕಂದು ದ್ರವ

ಅಕ್ಕ ಕಟ್ಟಿನ ಸಾರು ಮಾಡುವುದರಲ್ಲಿ ಪ್ರಸಿದ್ಧರು. ಬೇಳೆ ಬೇಯಿಸಿ ಬಸಿದ ನೀರಿಗೆ ಮಸಾಲೆ ಹಾಕಿ ಕುದಿಸುವ ಸಾರು, ಹೋಳಿಗೆ ಮಾಡಿದ ದಿನದ್ದು. ನಾವು ಹೊರಡುವಾಗ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕೊಡುತ್ತಾರೆ. ಒಮ್ಮೆ ಸೇತುವೆಯ ಮೇಲೆ ಯಾರೋ ಅಡ್ಡ ಬಂದರು, ನಾನು ಬ್ರೇಕ್ ಒತ್ತಿದೆ. ಡಬ್ಬಿ ಹಿಂದಿನ ಸೀಟಿನ ಕೆಳಗೆ ಉರುಳಿ ಸ್ವಲ್ಪ ಸಾರು ಚೆಲ್ಲಿತ್ತು. ನಮಗೆ ಗೊತ್ತಾಗಲಿಲ್ಲ.

ಆ ವಾರ ಸರ್ವೀಸಿಗೆ ಬಿಟ್ಟಿದ್ದೆ. ಅಲ್ಲಿಯ ಸಲಹೆಗಾರ ಫೋನ್ ಮಾಡಿದ. ಗಂಭೀರ ದನಿ. ಒಳಗೆ ಒಂದು ಕಂದು ದ್ರವ ಸಿಕ್ಕಿದೆ, ಎಂಜಿನ್ ಆಯಿಲ್ ಅಲ್ಲ, ಬ್ರೇಕ್ ಆಯಿಲ್ ಅಲ್ಲ, ಕೂಲೆಂಟ್ ಅಲ್ಲ, ಹಿರಿಯ ತಂತ್ರಜ್ಞರನ್ನು ಕರೆಸಿದ್ದೇವೆ ಎಂದ. ನಾನು ಹೋದೆ. ಮೂವರು ಬಿಳಿಯರು ಬಾಗಿಲು ತೆಗೆದಿಟ್ಟು ಮೂಗು ಒಡ್ಡಿ ನಿಂತಿದ್ದರು. ನಾನೂ ಮೂಸಿದೆ. ಇದು ನಿಮ್ಮ ಕಂಪನಿಯದಲ್ಲ, ನನ್ನ ಹೆಂಡತಿಯ ಅಕ್ಕನದು ಎಂದೆ. ಹಿರಿಯ ತಂತ್ರಜ್ಞ ಇನ್ನೊಮ್ಮೆ ಮೂಸಿ, ಇದನ್ನು ಒರೆಸಲೇಬೇಕೇ ಎಂದು ಕೇಳಿದ.

ಮನೆಗೆ ಬಂದು ಹೇಳಿದರೆ ಹೆಂಡತಿಗೆ ಕಾರಿನ ಚಿಂತೆ ಇಲ್ಲ. "ಅಕ್ಕಗ ಹೇಳಬ್ಯಾಡ್ರಿ. ನಾಳಿಂದ ಆ ಮೂರೂ ಮಂದಿಗೆ ಬ್ಯಾರೆ ಡಬ್ಬಿ ಕಟ್ಟಿ ಕೊಡ್ತಾಳ."

ಕೆಂಪು ಕೋಟು

ಒಂದು ಬೆಳಿಗ್ಗೆ ನಮ್ಮ ಬೀದಿಯ ಕೊನೆಯಲ್ಲಿ ಕಾರು ನಿಲ್ಲಿಸಿದೆ. ನಿಲ್ಲಿಸಿಯೇ ಇದ್ದೆ. ಯಾಕೆ ನಿಂತಿರಿ ಎಂದಳು ಹೆಂಡತಿ. ಸ್ಟಾಪ್ ಸೈನ್ ಎಂದೆ. ಅದು ಸ್ಟಾಪ್ ಸೈನ್ ಅಲ್ಲ, ಮೂಲೆಮನೆಯ ಮರಾಠಿ ಆಂಟಿ ಕೆಂಪು ಕೋಟು ಹಾಕಿಕೊಂಡು ವಾಕಿಂಗ್ ಹೊರಟಿದ್ದಾರೆ ಎಂದಳು. ಆಂಟಿ ನನಗೆ ಕೈ ಬೀಸಿ ರಸ್ತೆ ದಾಟಿದರು. ಎಡಿಸನ್‌ನಲ್ಲಿ ಹೆಂಗಸರಿಗೆ ದಾರಿ ಬಿಡುವ ಗಂಡಸು ನಾನೊಬ್ಬನೇ ಎಂದು ಈಗಲೂ ಹೇಳಿಕೊಂಡು ತಿರುಗುತ್ತಾರೆ.

ಡಾಕ್ಟರು ಕಣ್ಣಿನ ಹಿಂಭಾಗ ನೋಡಿ ಡ್ರೈವ್ ಮಾಡಬೇಡಿ ಎಂದರು. ಇದ್ದಷ್ಟು ದೃಷ್ಟಿ ಉಳಿಯುತ್ತದೆ, ಪೇಪರ್ ಓದಬಹುದು, ಕಾರು ಮಾತ್ರ ಬೇಡ. ನಾನು ಸರಿ ಎಂದೆ.

ಅಳಿಯ ಒಳ್ಳೆಯವನು, ಆದರೆ ಚುರುಕು ಜಾಸ್ತಿ. ಆ ವಾರವೇ ಕೊಳ್ಳುವವರನ್ನು ಹುಡುಕಿದ. ಸೆಪ್ಟೆಂಬರಿನಲ್ಲಿ ಲೇಬರ್ ಡೇ ರಜೆ ಕಳೆದ ಶನಿವಾರ ಬಂದು ಒಯ್ಯುತ್ತಾರೆ ಎಂದ. ನಾನು ಗ್ಯಾರೇಜಿಗೆ ಹೋಗಿ ಬಂದೆ. ಹೆಂಡತಿ ಮೆಂತ್ಯ ಸೋಸುತ್ತಿದ್ದವಳು ತಲೆ ಎತ್ತದೆ, ಅಷ್ಟರೊಳಗೆ ನಾನು ಲೈಸೆನ್ಸ್ ತೆಗೆದುಕೊಂಡರೆ ಎಂದು ಕೇಳಿದಳು. ತೆಗೆದುಕೊಂಡರೆ ಕಾರು ನಿಮ್ಮದೇ ಅಮ್ಮ, ಆದರೆ ಈ ವಯಸ್ಸಿನಲ್ಲಿ ಕೊಡುತ್ತಾರೆಯೇ ಎಂದು ಅವನು ನಕ್ಕ.

"ಯಾಕ ಕೊಡೂದಿಲ್ಲ? ಕಣ್ಣು ಕಾಣದವರಿಗೇ ಇಷ್ಟು ದಿನ ಕೊಟ್ಟಾರ."

ನಾನು ಮತ್ತೆ ಗ್ಯಾರೇಜಿಗೆ ಹೋದೆ.

ಇತಿಹಾಸದ ಪಾಠ

ಭಾನುವಾರ ಕ್ರ್ಯಾನ್‌ಬರಿಯ ಗೋದಾಮುಗಳ ಮುಂದೆ ಟ್ರಕ್ಕುಗಳಿರುವುದಿಲ್ಲ. ಆ ಬಯಲಿನಲ್ಲಿ ಪಾಠ. ಅಳಿಯನೇ ಅಲ್ಲಿಯವರೆಗೆ ಓಡಿಸಿಕೊಂಡು ಬಂದು, ಸುರಕ್ಷಿತ ದೂರದಲ್ಲಿ ನಿಂತ. ಮೊದಲು ಯಂತ್ರದ ಮೇಲೆ ಗೌರವ ಬರಬೇಕು ಎಂದು ನಾನು ಕಂಪನಿಯ ಹುಟ್ಟಿನಿಂದ ಆರಂಭಿಸಿದೆ. ಮೂಲಪುರುಷ, ಮೂರು ಚಕ್ರದ ಗಾಡಿ, ನಂಬದ ಜನ. ಅವಳು ಸ್ಟೀರಿಂಗ್ ಹಿಡಿದು ಕೇಳಿದಳು. ಬಹಳ ಹೊತ್ತು ಕೇಳಿದಳು. ಆಮೇಲೆ, ಗಾಡಿ ಅವನು ಮಾಡಿದ್ದು ಆಯಿತು, ಊರಿಂದ ಊರಿಗೆ ಮೊದಲು ಓಡಿಸಿದವರು ಯಾರು ಎಂದಳು.

ಹೇಳಬೇಕಾಯಿತು. ಓಡಿಸಿದ್ದು ಅವನ ಹೆಂಡತಿ. ಗಂಡನಿಗೆ ಬಾಯಿ ಬಿಡದೆ, ಗಂಡುಮಕ್ಕಳನ್ನು ಕರೆದುಕೊಂಡು ತವರುಮನೆಗೆ ಹೋದಳು. ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ಹಾಕಿ ಚುಚ್ಚಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ತವರು ಸೇರಿದ ಮೇಲೆ ಗಂಡನಿಗೆ ತಂತಿ ಕಳಿಸಿದಳು. ಆಮೇಲೆ ಜನ ಆ ಗಾಡಿಯನ್ನು ನಂಬತೊಡಗಿದರು.

ಹೆಂಡತಿ ನನ್ನ ಕಡೆ ತಿರುಗಿದಳು.

"ಇಷ್ಟು ವರ್ಷ ಮಂದಿಗೆಲ್ಲಾ ಇತಿಹಾಸ ಹೇಳೀರಿ. ಇದನ್ಯಾಕ ಹೇಳಲಿಲ್ಲ?"

"ನೀನು ಕೇಳಲಿಲ್ಲ."

"ಹೆದರಿಕಿ ಇತ್ತು ನಿಮಗ," ಎಂದಳು. "ಆತು, ಈಗ ಬ್ರೇಕ್ ಯಾವುದು ತೋರಸ್ರಿ. ಇಷ್ಟೊತ್ತಾದ್ರೂ ಅದನ್ನ ಹೇಳಿಲ್ಲ."

ಎಲ್ಲಿಗೆ

ನನ್ನ ಕಲಿಸುವಿಕೆ ಅಲ್ಲಿಗೆ ಮುಗಿಯಿತು. ಡ್ರೈವಿಂಗ್ ಸ್ಕೂಲಿನ ಗುಜರಾತಿ ಹೆಣ್ಣುಮಗಳೊಬ್ಬಳನ್ನು ಗೊತ್ತುಮಾಡಿದೆವು. ಚೆನ್ನಾಗಿ ಕಲಿಸಿದಳು. ಆದರೂ ಮೊದಲ ಪರೀಕ್ಷೆಯಲ್ಲಿ ನನ್ನವಳು ಫೇಲು. ನಾಲ್ಕು ರಸ್ತೆ ಕೂಡುವಲ್ಲಿ ನಿಂತು, ಬಂದವರಿಗೆಲ್ಲ ಮೊದಲು ನೀವು ಹೋಗಿರಿ ಎಂದು ಕೈ ತೋರಿಸಿದ್ದಳು. ಮನೆಗೆ ಬಂದವರನ್ನು ಪಂಕ್ತಿಗೆ ಕೂರಿಸಿದ ಹಾಗೆ. ಆ ದಿನ ಅಲ್ಲಿ ಎಲ್ಲರೂ ಹೋದರು, ಇವಳು ಮಾತ್ರ ಹೋಗಲಿಲ್ಲ.

ಎರಡನೆಯ ಪರೀಕ್ಷೆ ಸಿಕ್ಕಿದ್ದು ಲೇಬರ್ ಡೇ ಆದ ಮೇಲೆ, ಗುರುವಾರ. ಶನಿವಾರ ಕೊಳ್ಳುವವರು ಬರುತ್ತಾರೆ. ಇದು ಹೋದರೆ ಕಾರು ಹೋಯಿತು, ಬೆಲ್‌ರೋಸ್ ಹೋಯಿತು. ಈ ಸಲ ನಮ್ಮ ಕಾರಿನಲ್ಲೇ ಪರೀಕ್ಷೆ ಕೊಡುತ್ತೇನೆ ಎಂದಳು. ಗುಜರಾತಿ ಹುಡುಗಿ ಅದರಲ್ಲೇ ನಮ್ಮನ್ನು ಕೂರಿಸಿಕೊಂಡು ಪರೀಕ್ಷೆಯ ಬಯಲಿಗೆ ಬಂದಳು. ಹೆಂಡತಿ ಎರಡು ದಿನದಿಂದ ಅಕ್ಕನಿಗೂ ಫೋನ್ ಮಾಡಿರಲಿಲ್ಲ. ನಾನು ಬೇಲಿಯ ಪಕ್ಕ ನಿಂತೆ. ಪರೀಕ್ಷಕಿ ಉಕ್ರೇನಿನವಳು, ನಮ್ಮ ವಯಸ್ಸಿನವಳು, ನಗದ ಮುಖ. ಒಳಗೆ ಕೂತು ಬೆಲ್ಟ್ ಹಾಕಿಕೊಂಡಳು. ಎಂಜಿನ್ ಶುರುವಾಯಿತು.

ಕಾರು ಕದಲಲಿಲ್ಲ. ಎಂಜಿನ್ ನಿಂತಿತು. ಹೆಂಡತಿ ಇಳಿದಳು. ನೀರಿನ ಬಾಟಲಿ ಎತ್ತಿ ಒಂದು ಗುಟುಕು ಕುಡಿದಳು. ಸ್ವಲ್ಪ ನಿಂತು ಮತ್ತೆ ಒಳಗೆ ಕೂತಳು. ಎಂಜಿನ್ ಶುರುವಾಯಿತು. ಮತ್ತೆ ನಿಂತಿತು. ಮತ್ತೆ ಇಳಿದಳು. ಮತ್ತೆ ನೀರು.

ಆಗಿದ್ದು ಇಷ್ಟು. ಹಿಂದಿನ ದಿನ ಅಳಿಯ, ಅಮ್ಮ ದಾರಿ ತಪ್ಪದಿರಲಿ ಎಂದು ಕಾರಿನಲ್ಲಿ ದಾರಿ ಹೇಳುವ ದನಿಯನ್ನು ಆನ್ ಮಾಡಿ ಹೋಗಿದ್ದ. ಒಳ್ಳೆಯ ಮನಸ್ಸಿನಿಂದಲೇ. ಬರುವಾಗ ಅದು ಕೇಳಿದ್ದು ಓಡಿಸುತ್ತಿದ್ದ ಹುಡುಗಿಯನ್ನು, ಆಗ ಇವಳಿಗೆ ತಟ್ಟಲಿಲ್ಲ. ಈಗ ಎಂಜಿನ್ ಶುರುವಾದ ಕೂಡಲೇ ಕಾರು ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಕೇಳುತ್ತಿತ್ತು: "ಎಲ್ಲಿಗೆ ಹೋಗಬೇಕು?"

ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹಾಗೆ ಯಾರಾದರೂ ಕೇಳಿಬಿಟ್ಟರೆ, ನಿಂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಇವಳು ಎರಡು ಸಲ ಹೊಸದಾಗಿ ಹೊರಟಳು. ಎರಡು ಸಲವೂ ಕಾರು ಕೇಳಿತು. ಮೂರನೆಯ ಸಲ ಇವಳು ಕಾರಿಗೇ ಬೈದಳು. ಬೇಲಿಯವರೆಗೆ ಕೇಳಿಸಿತು.

"ಹೊಂಟವರನ್ನ ಎಲ್ಲಿಗೆ ಅಂತ ಕೇಳಬಾರದು. ಹಿರಿಯರು ಯಾರೂ ಹೇಳಿಲ್ಲೇನು ನಿನಗ?"

ಕಾರು ಒಂದು ಕ್ಷಣ ಹುಡುಕಿ, ಆ ಹೆಸರಿನ ಜಾಗ ಸಿಗಲಿಲ್ಲ ಎಂದಿತು.

ನಾನು ಕಣ್ಣು ಮುಚ್ಚಿದೆ. ಶನಿವಾರದ ಗಿರಾಕಿಗೆ ಕೀಲಿ ಕೊಡುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಮುಂದಿನದನ್ನು ಹೆಂಡತಿ ಆಮೇಲೆ ಹೇಳಿದಳು. ಪರೀಕ್ಷಕಿ ಏನು ತೊಂದರೆ ಎಂದು ಕೇಳಿದಳಂತೆ. ಇವಳು ತನಗೆ ಬರುವ ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಆ ನಗದ ಮುಖದವಳು ಪೆನ್ನು ಕೆಳಗಿಟ್ಟಳು. ತಮ್ಮ ಊರಿನಲ್ಲಿಯೂ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ, ತನ್ನ ಅಜ್ಜಿ ಪ್ರಯಾಣಕ್ಕೆ ಮುಂಚೆ ಮನೆಮಂದಿಯನ್ನೆಲ್ಲ ಒಂದು ನಿಮಿಷ ಸುಮ್ಮನೆ ಕೂರಿಸುತ್ತಿದ್ದಳು ಎಂದಳು. ತಾನೇ ಕೈ ಚಾಚಿ, ಗುಂಡಿ ಹುಡುಕಿ, ಆ ದನಿಯ ಬಾಯಿ ಮುಚ್ಚಿಸಿದಳು. ಇಬ್ಬರೂ ಒಂದು ನಿಮಿಷ ಸುಮ್ಮನೆ ಕೂತರು.

ನಾನು ಕಣ್ಣು ತೆರೆದಾಗ ಕಾರು ಹೊರಟಿತ್ತು. ಮೆಲ್ಲಗೆ, ನೇರವಾಗಿ. ತಿರುವಿನಲ್ಲಿ ನಿಂತಿತು, ಯಾರಿಗೂ ಕೈ ಬೀಸದೆ ತನ್ನ ಸರದಿಗೆ ತಾನು ಹೋಯಿತು. ಹಿಂದಕ್ಕೆ ಬಂದು ಎರಡು ಕಂಬಗಳ ನಡುವೆ ಡಬ್ಬಿಯಲ್ಲಿ ಹೋಳಿಗೆ ಇಟ್ಟಂತೆ ಕೂತಿತು. ಅಷ್ಟು ನನ್ನ ಕಣ್ಣಿಗೂ ಕಂಡಿತು.

ಪಾಸು. ಪರೀಕ್ಷಕಿ ಇಳಿದು ಇವಳ ಕೈ ಕುಲುಕಿದಳು. ಅಳಿಯನಿಗೆ ಫೋನ್ ಮಾಡಿ, ಶನಿವಾರ ಯಾರೂ ಬರುವುದು ಬೇಡ ಎಂದೆ. ಅವನು ಸಂತೋಷಪಟ್ಟ, ನಿಜವಾಗಿ. ಕಾಗದಪತ್ರ ಎಲ್ಲ ಮುಗಿದ ಮೇಲೆ ಗುಜರಾತಿ ಹುಡುಗಿ ಸ್ಕೂಲಿನ ಇನ್ನೊಂದು ಕಾರು ಹತ್ತಿ ಹೋದಳು. ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ಅಷ್ಟು ವರ್ಷದಲ್ಲಿ ಮೊದಲ ಸಲ ನಾನು ಆ ಕಾರಿನಲ್ಲಿ, ಪಾಠ ಹೇಳಲಿಕ್ಕಲ್ಲದೆ ಬರೀ ಪ್ರಯಾಣಿಕನಾಗಿ, ಅವಳ ಪಕ್ಕದ ಸೀಟಿಗೆ ಹೋದೆ. ಅಲ್ಲಿಂದ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಅವಳು ಕನ್ನಡಿ ನೋಡಿದಳು, ಬೆಲ್ಟ್ ನೋಡಿದಳು, ಎಂಜಿನ್ ಶುರು ಮಾಡಿದಳು. ಕಾರು ಏನೂ ಕೇಳಲಿಲ್ಲ. ಮನಸ್ಸು ತುಂಬಿ ಬಂತು. ಏನಾದರೂ ಮಾತಾಡಬೇಕು ಅನಿಸಿತು.

"ಎಲ್ಲಿಗೆ?" ಎಂದೆ.

ಅವಳು ಎಂಜಿನ್ ಆರಿಸಿ, ನೀರಿನ ಬಾಟಲಿ ತೆಗೆದುಕೊಂಡು ಇಳಿದಳು. ಆ ಕಡೆಯಿಂದ ಪರೀಕ್ಷಕಿ ನೋಡುತ್ತಿದ್ದಳು. ನನ್ನ ಕಡೆ ತಿರುಗಿ ನಿಧಾನವಾಗಿ ತಲೆ ಅಲ್ಲಾಡಿಸಿದಳು, ಈ ಮನುಷ್ಯ ಎಷ್ಟು ಸಲ ಬಂದರೂ ಪಾಸಾಗುವವನಲ್ಲ ಎಂಬಂತೆ.